ಎಲ್ಲರೂ ಬಂದ ಮೇಲೆ ಹಿಸ್ಸೆ

ಹಣೆಯ ವಿಭೂತಿ ಬೆವರಿಗೆ ಕರಗಿ ಕನ್ನಡಕದ ಗಾಜಿಗೆ ಇಳಿದಿರುತ್ತಿತ್ತು. ಅದನ್ನು ಒರೆಸುವ ಗೋಜಿಗೆ ಹೋಗದೆ, ಗದ್ದವನ್ನು ಎದೆಗೆ ಆನಿಸಿ, ಕನ್ನಡಕದ ಮೇಲಂಚಿನಿಂದಲೇ ಕಂಪ್ಯೂಟರ್ ಪರದೆಯನ್ನು ನೋಡುತ್ತಿದ್ದರು ನಮ್ಮ ಸರ್ವೆ ಕಾಕಾ. ಸೊರಬದವರು. ಜಮೀನು ಅಳೆಯುವ ಕೆಲಸದಿಂದ ನಿವೃತ್ತರಾದ ಮೇಲೆ ಕಂಪ್ಯೂಟರ್ ರಿಪೇರಿಯ ಹುಚ್ಚು ಹಿಡಿಸಿಕೊಂಡು, ಶಿರಾಳಕೊಪ್ಪದ ನಮ್ಮಂಥ ಸಣ್ಣ ಅಂಗಡಿಗಳಿಗೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಕಂಪ್ಯೂಟರನ್ನು ಬಾಗಿಲಿಗೆ ತಂದು ಧೂಳು ಊದುವುದು, ಪಕ್ಕದ ಬಾಳೆಹಣ್ಣಿನವನಿಂದ ಬೈಸಿಕೊಳ್ಳುವುದು, ಆಮೇಲೆ ಅವನ ಹತ್ತಿರವೇ ಹಣ್ಣು ಕೊಳ್ಳುವುದು ಅವರ ಪದ್ಧತಿ.

ನನ್ನದು ಲಗ್ನಪತ್ರಿಕೆ, ಅರ್ಜಿ ಟೈಪು ಮಾಡಿಕೊಡುವ ಅಂಗಡಿ. ನನ್ನ ಗಂಡ ಇಟ್ಟಿದ್ದು. ಅವರು ತೀರಿಕೊಂಡ ಮೇಲೆ ನಾನು ನಡೆಸುತ್ತಿದ್ದೇನೆ. ಮೈದುನ ಒಳ್ಳೆಯ ಮನಸ್ಸಿನಿಂದಲೇ ಅಲ್ಲಿನ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟ. ಅದು ಗಬ್ಬದ ಎಮ್ಮೆಯ ಹಾಗೆ ಏದುಸಿರು ಬಿಡತೊಡಗಿತು. ನಮ್ಮ ಹಳೆಯ ಕನ್ನಡ ಟೈಪಿಂಗ್ ಪ್ರೋಗ್ರಾಂನಲ್ಲಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾದವು.

ಕಾಕಾ ಬಂದು ನೋಡಿದರು. "ಎಲ್ಲಾ ಅಳಿಸಿ, ಡಿಸ್ಕನ್ನ ಹೊಸದಾಗಿ ಭಾಗ ಮಾಡಿ, ಹಳೇ ಸಿಸ್ಟಮ್ಮೇ ಹಾಕ್ಬೇಕು."

"ಹಾಕ್ರಿ ಕಾಕಾ. ಟೈಪು ಮಾಡಿದ್ದನ್ನೆಲ್ಲ ಪೆನ್ ಡ್ರೈವಿಗೆ ತಗೊಂಡೀನಿ."

"ಇದಕ್ಕೆ ಪಾಲುದಾರರು ಇನ್ಯಾರ್ಯಾರು ಅದಾರೆ?"

ಅದು ಅವರ ಹಟ. ಅಣ್ಣತಮ್ಮಂದಿರ ಹೊಲ ಹಿಸ್ಸೆ ಮಾಡುವಾಗ ಪಾಲಿನವರೆಲ್ಲ ಬದುವಿನ ಮೇಲೆ ನಿಂತಿರಬೇಕಲ್ಲ, ಹಾಗೆಯೇ ಡಿಸ್ಕ್ ಭಾಗ ಮಾಡುವಾಗಲೂ ಮನೆಯವರೆಲ್ಲ ಒಪ್ಪಬೇಕು. ಒಬ್ಬರು ಉಳಿದರೂ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದರು. ಮೈದುನ ಫೋನಿನಲ್ಲೇ ಒಪ್ಪಿದ. ಉಳಿದವರು ಕುಪ್ಪಗಡ್ಡೆಯಲ್ಲಿದ್ದ ನನ್ನ ಅತ್ತೆ.

"ಅತ್ತೆಗೆ ಮೌಸ್ ಹಿಡಿಯಾಕೂ ಬರಲ್ಲ ಕಾಕಾ. ನಾಳೆ ಲಗ್ನಪತ್ರಿಕೆ ಕೊಡ್ಬೇಕು ನಾನು."

"ಏನೂ ಗೊತ್ತಿಲ್ಲ ಅಂತ ಬಿಟ್ಟೋರೇ ಆಮೇಲೆ ಅಳೋದು ಕಣವ್ವಾ. ಎಷ್ಟು ನೋಡೀನಿ. ಕರೆಸು."

ನನಗೆ ಮೈಯೆಲ್ಲ ಉರಿಯಿತು. ಬೇರೆ ಯಾರನ್ನಾದರೂ ಕರೆಸೋಣವೆನಿಸಿತು. ಅಷ್ಟರಲ್ಲಿ ಅವರೇ ನನ್ನ ಫೋನು ಇಸಿದುಕೊಂಡು ಅತ್ತೆಗೆ ಬರಲು ಹೇಳಿಬಿಟ್ಟರು.

ಮರುದಿನ ಮೊದಲ ಬಸ್ಸಿಗೆ ಅತ್ತೆ ಬಂದರು. ಕಾಕಾ ಅವರಿಗೆ ಕುರ್ಚಿ ಎಳೆದು ಕೂರಿಸಿ ಕೇಳಿದರು: "ಇದ್ರಾಗಿಂದೆಲ್ಲ ಅಳಿಸ್ತೀವಿ. ನಿಮ್ದೇನಾದ್ರೂ ಐತೇನ್ರೀ ಅಮ್ಮಾ?"

ಅತ್ತೆ ಸೆರಗು ಸರಿಮಾಡಿಕೊಂಡರು, ನಾಚಿದರು. "ನನ್ ಹಾಡು ಐತಲ್ರೀ. ಸೋಬಾನೆ ಪದ. ಮಗ ಹಿಡಿದಿಟ್ಟಿದ್ದ."

ನನಗದು ಗೊತ್ತೇ ಇರಲಿಲ್ಲ. ನಾನು ನಕಲು ತೆಗೆದುಕೊಂಡಿದ್ದರಲ್ಲೂ ಅದಿರಲಿಲ್ಲ. ಕಾಕಾ ಮೂಲೆ ಮೂಲೆ ಹುಡುಕಿ ತೆಗೆದು ಹಚ್ಚಿದರು. ಅತ್ತೆಯ ದನಿ ಹಾಡುತ್ತ ಹೋಗಿ ಪದ ಮರೆತು ನಿಂತಿತು. ಆಗ ನನ್ನ ಗಂಡ ನಕ್ಕರು. "ಇರ್ಲಿ ಬಿಡವ್ವಾ, ಮೊದ್ಲಿಂದ ಹೇಳು. ನಂಗೇನೂ ಅವಸರ ಇಲ್ಲ."

ಅವರು ಹೋದ ಮೇಲೆ ಆ ದನಿ ಕೇಳಿದ್ದು ಅದೇ ಮೊದಲು. ಬಾಗಿಲಲ್ಲಿ ಗಿರಾಕಿ ನಿಂತಿದ್ದರೂ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅತ್ತೆ ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡರು. ಕಾಕಾ ಎದ್ದು ಹೊರಗೆ ಹೋಗಿ ಬಾಳೆಹಣ್ಣು ಹಿಡಿದುಕೊಂಡು ಬಂದರು.

ಮೊದಲು ಆ ಹಾಡನ್ನು ಪೆನ್ ಡ್ರೈವಿಗೆ ಹಾಕಿಕೊಂಡು, ಆಮೇಲೆ ಡಿಸ್ಕನ್ನು ಮೂರು ಭಾಗ ಮಾಡಿದರು. ಒಂದು ಸಿಸ್ಟಮ್ಮಿಗೆ, ಒಂದು ನನ್ನ ಕೆಲಸಕ್ಕೆ, ಇನ್ನೊಂದು ಬರೀ ಆ ಹಾಡಿಗೆ. "ಇದ್ರ ತಂಟೆಗೆ ಯಾರೂ ಬರ್ಬಾರ್ದು. ನಾನೂ ಬರಲ್ಲ" ಎಂದರು. ಹಳೆಯ ಸಿಸ್ಟಂ ಏರುವವರೆಗೂ ಕೈಕಟ್ಟಿ ಕೂತಿದ್ದರು. ತರಿಸಿಕೊಟ್ಟ ಚಹಾ ಕೆನೆಗಟ್ಟಿತು. ಮಧ್ಯಾಹ್ನದ ಹೊತ್ತಿಗೆ ಒತ್ತಕ್ಷರಗಳು ತಮ್ಮ ತಮ್ಮ ಜಾಗಕ್ಕೆ ಬಂದವು. ಲಗ್ನಪತ್ರಿಕೆ ಸಂಜೆಗೆ ಹೋಯಿತು.

ಹೋದ ಮಳೆಗಾಲ ಕಾಕಾ ತೀರಿಕೊಂಡರು. ನಾನೂ ಅತ್ತೆಯೂ ಸೊರಬಕ್ಕೆ ಮಣ್ಣಿಗೆ ಹೋಗಿದ್ದೆವು. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ, ಪಕ್ಕದವರು ಇಳಿದು ಸೀಟು ಖಾಲಿಯಾದ ಮೇಲೆ ನನ್ನ ಕಡೆ ತಿರುಗಿದರು.

"ಅವರ ಮಾತು ಎಲ್ಲಾದ್ರೂ ಹಿಡಿದಿಟ್ಟೀಯೇನೇ?"

ಎಷ್ಟು ವರ್ಷ ಅಂಗಡಿಗೆ ಬಂದರು, ಎಷ್ಟೊಂದು ಮಾತಾಡಿದರು. ಫೋನು ಯಾವಾಗಲೂ ನನ್ನ ಕೈಯಲ್ಲೇ ಇತ್ತು.

"ಇಲ್ಲ ಅತ್ತೆ" ಎಂದೆ.