ಎಡಮೂಲೆಯ ಜೋಡಿ

ಕಬಡ್ಡಿಯಲ್ಲಿ ಹೆಸರು ಬರುವುದು ರೈಡರ್‌ಗೆ. ನುಗ್ಗುವವನು ಅವನು, ಪೇಪರಿನ ಫೋಟೋದಲ್ಲಿ ತೊಡೆ ತಟ್ಟುವವನೂ ಅವನೇ. ನಾವಿಬ್ಬರೂ ಹಿಡಿಯುವವರು, ನಮ್ಮನ್ನು ಕೇಳುವವರು ಕಮ್ಮಿ. ಯಲಿಯೂರಿನ ನನ್ನ ಗೆಳೆಯ ಎಡಮೂಲೆಯ ಕಾರ್ನರ್, ಅವನ ಪಕ್ಕದಲ್ಲಿ ನಾನು. ಹನ್ನೊಂದು ವರ್ಷ ಅವನ ಬಲಗೈ ನನ್ನ ಎಡಗೈಯಲ್ಲಿತ್ತು. ಹೆಂಡತಿಯ ಕೈಯನ್ನೂ ನಾನು ಅಷ್ಟು ಹಿಡಿದಿಲ್ಲ, ಅದನ್ನು ಅವಳೇ ಹೇಳಿ ಹಂಗಿಸುತ್ತಾಳೆ.

ನಮ್ಮದೊಂದು ಪಟ್ಟು ಇತ್ತು. ರೈಡರ್ ಮೂಲೆಗೆ ಬಂದೊಡನೆ ಗೆಳೆಯ ಎಡಗೈ ಚಾಚಿ ಅವನ ಕಾಲಿಗೆ ಹಾರುತ್ತಿದ್ದ. ಕಾಲು ಸಿಕ್ಕಿತು ಅನ್ನುವವರೆಗೆ ನಾನು ಅವನ ಬಲಗೈ ಬಿಡುತ್ತಿರಲಿಲ್ಲ. ಸಿಕ್ಕರೆ ಬಿಡುವುದು, ಆಗ ಅವನು ಎರಡೂ ಕೈಯಲ್ಲಿ ಬಿಗಿಯುತ್ತಿದ್ದ. ಸಿಗದಿದ್ದರೆ ಹಿಂದಕ್ಕೆ ಎಳೆದುಕೊಳ್ಳುವುದು. ಮಣ್ಣಿನ ಅಂಗಳದಲ್ಲಿ ಬರಿಗಾಲು ಜಾರುತ್ತದೆ, ಹಾಗಾಗಿ ಎಳೆದರೆ ಆಳು ಸಲೀಸಾಗಿ ಬರುತ್ತಾನೆ. ಕೆರಗೋಡಿನವರು ಕರೆದರೆ ಕೆರಗೋಡಿನ ಪರವಾಗಿ, ಮಳವಳ್ಳಿಯವರು ಕರೆದರೆ ಕೆರಗೋಡಿನ ವಿರುದ್ಧ, ಹೀಗೆ ಊಟ, ಬಸ್ ಚಾರ್ಜು, ಒಂದು ದುಡ್ಡಿನ ಕವರಿನ ಆಸೆಗೆ ಆಡುತ್ತಿದ್ದೆವು. ಕರೆಯುವವರು ಇಬ್ಬರನ್ನೂ ಕರೆಯಬೇಕಿತ್ತು. ಒಬ್ಬನೇ ಬಾ ಅಂದರೆ ಹೋಗುತ್ತಿರಲಿಲ್ಲ.

ಆಮೇಲೆ ಸಂಬಳ ಕೊಟ್ಟು ಆಡಿಸುವ ಲೀಗು ಶುರುವಾಯಿತು. ಮೊದಲ ವರ್ಷವೇ ಮೈಸೂರಿನಲ್ಲಿ ಎರಡು ದಿನದ ಆಯ್ಕೆ ಅಂತ ಗೊತ್ತಾಗಿ ಯಲಿಯೂರಿನಲ್ಲಿ ರೈಲು ಹತ್ತಿದೆವು. ಅಲ್ಲಿ ಮಣ್ಣಿಲ್ಲ, ಮ್ಯಾಟು. ಬರಿಗಾಲಿಲ್ಲ, ರಬ್ಬರ್ ಶೂ. ಇಬ್ಬರಿಗೂ ಕಾಲಿಗೆ ಏನೋ ಕಟ್ಟಿಕೊಂಡ ಹಾಗಾಗಿತ್ತು. ಸಂಜೆ ತರಬೇತುದಾರರು ಎಲ್ಲರೆದುರು ಹೇಳಿದರು, ಹಿಡಿಯುವವರಲ್ಲಿ ಒಬ್ಬನಿಗೆ ಮಾತ್ರ ಜಾಗ ಇದೆ ಅಂತ.

ನೀರಿನ ನಲ್ಲಿಯ ಹತ್ತಿರ ಅವರು ನನ್ನೊಬ್ಬನನ್ನೇ ಕರೆದರು.

"ನಿಮ್ಮ ಮಣ್ಣಿನಾಟ ಇಲ್ಲಿ ನಡೆಯಲ್ಲಪ್ಪ. ನಿನ್ನ ಗೆಳೆಯ ಹಾರಿದ ತಕ್ಷಣ ಕೈ ಬಿಟ್ಟುಬಿಡು. ಶೂ ಮ್ಯಾಟಿಗೆ ಕಚ್ಚಿಕೊಳ್ಳುತ್ತೆ. ನೀನು ಎಳೆದ್ರೆ ಮಂಡಿ ತಿರುಚಿಹೋಗುತ್ತೆ. ಜೊತೆಯವನಿಗೂ ಹೇಳು."

ವಾಪಸ್ ಬರುವ ರೈಲಿನಲ್ಲಿ ಇಬ್ಬರೂ ಎದುರುಬದುರು ಕೂತಿದ್ದೆವು. ಅವನು ಕಡಲೆಕಾಯಿ ಬಿಡಿಸಿ ಅರ್ಧ ನನ್ನ ಅಂಗೈಗೆ ಹಾಕಿದ. ನಾನು ತಿಂದೆ. ಹೇಳಲಿಲ್ಲ. ಮರೆತಿರಲಿಲ್ಲ, ಬೇಕೆಂದೇ ಹೇಳಲಿಲ್ಲ. ನಾಳೆ ಮ್ಯಾಟಿನ ಆಟ ಕಲಿತವನು ನಾನೊಬ್ಬನೇ ಅಂತ ತರಬೇತುದಾರರಿಗೆ ಕಾಣಲಿ ಅಂದುಕೊಂಡೆ. ಇದನ್ನು ಬರೆಯುವಾಗ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ.

ಮಾರನೆಯ ಬೆಳಿಗ್ಗೆ ಮತ್ತೆ ಮೈಸೂರಿನಲ್ಲಿ, ಮೂರನೆಯ ರೈಡಿಗೆ ಗೆಳೆಯ ಹಾರಿದ. ಕೈ ಬಿಡಬೇಕೆಂದು ನನಗೆ ಗೊತ್ತಿತ್ತು. ರಾತ್ರಿಯಿಡೀ ಅದನ್ನೇ ಮನಸ್ಸಿನಲ್ಲಿ ಆಡಿದ್ದೆ. ಆದರೆ ಕಾಲು ಅವನ ಕೈಗೆ ಸಿಗದೆ ಹೋದದ್ದು ಕಂಡಿತು, ನನ್ನ ಕೈ ಹನ್ನೊಂದು ವರ್ಷದ ರೂಢಿಯಂತೆ ಬಿಗಿಯಾಗಿ ಹಿಡಿದು ಎಳೆಯಿತು. ಅವನ ಮೈ ನನ್ನ ಕಡೆ ತಿರುಗಿತು, ಪಾದ ಮ್ಯಾಟಿನಲ್ಲೇ ಉಳಿಯಿತು. ಮಂಡಿಯೊಳಗೆ ಲಟಕ್ಕೆಂದದ್ದು ಅವನ ಕೈಯಿಂದ ನನ್ನ ಕೈಗೂ ಗೊತ್ತಾಯಿತು. ಅವನನ್ನು ಹೊತ್ತು ಆಚೆ ಮಲಗಿಸಿದರು. ಆಟ ಮುಂದುವರಿಯಿತು. ನಾನು ಆಡಿದೆ, ಚೆನ್ನಾಗಿಯೇ ಆಡಿದೆ. ನನ್ನನ್ನು ತೆಗೆದುಕೊಂಡರು.

ಎರಡು ವರ್ಷ ಲೀಗಿನಲ್ಲಿದ್ದೆ, ಬಹುಪಾಲು ಬೆಂಚಿನ ಮೇಲೆ. ಅಲ್ಲಿ ನನ್ನ ಪಕ್ಕದಲ್ಲಿ ನಿಂತ ಕಾರ್ನರ್ ಯಾವಾಗ ಹಾರುತ್ತಾನೆಂದು ನನಗೆ ತಿಳಿಯುತ್ತಲೇ ಇರಲಿಲ್ಲ. ಮೂರನೆಯ ವರ್ಷ ಕರೆ ಬರಲಿಲ್ಲ. ಗೆಳೆಯನ ಮಂಡಿಗೆ ಆಪರೇಷನ್ ಆಯಿತು, ಆದರೆ ಮಡಚುವುದು ಅರ್ಧಕ್ಕೇ ನಿಂತಿತು. ಊರಿನಲ್ಲಿ ಕೇಳಿದವರಿಗೆಲ್ಲ ಅವನು ತಾನೇ ತಪ್ಪಾಗಿ ಬಿದ್ದೆ ಅಂದ. ಹಬ್ಬಕ್ಕೆ ಹೋದಾಗ ಅವನ ಮನೆಯಲ್ಲಿ ಕಾಫಿ ಕುಡಿದು ಬರುತ್ತಿದ್ದೆ. ಆಟದ ಮಾತು ಇಬ್ಬರೂ ಎತ್ತುತ್ತಿರಲಿಲ್ಲ.

ಈಗ ನಾನು ಮಳವಳ್ಳಿಯ ಒಂದು ಶಾಲೆಯಲ್ಲಿ ಆಟದ ಮೇಷ್ಟ್ರು. ಹೋದ ತಿಂಗಳು ಶಾಲೆಗೆ ಮ್ಯಾಟು ತರಿಸಿದರು. ಮೊದಲ ದಿನವೇ ಹುಡುಗಿಯರ ತಂಡಕ್ಕೆ, "ಅವಳು ಹಾರಿದ ತಕ್ಷಣ ಕೈ ಬಿಟ್ಟುಬಿಡು, ಮಂಡಿ ಹೋಗುತ್ತೆ" ಅಂತ ಕೂಗಿದೆ. ಯಾರ್ಯಾರಿಗೋ ಹೇಳುವ ಮಾತು ಗೆಳೆಯನೊಬ್ಬನಿಗೆ ಹೇಳಲಾಗಲಿಲ್ಲವಲ್ಲ. ಅರ್ಧ ದಿನ ರಜೆ ಹಾಕಿ ಯಲಿಯೂರಿನ ಕಡೆಯ ಬಸ್ಸು ಹತ್ತಿದೆ. ಹೇಳಿದ ಮೇಲೆ ಅವನು ಮುಖ ನೋಡದಿದ್ದರೂ ಸರಿ, ಹೇಳದೆ ಇನ್ನು ಆಗುವುದಿಲ್ಲ ಅನ್ನಿಸಿತ್ತು.

ಅವನು ಯಲಿಯೂರಿನ ಆಚೆಯ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಾನೆ. ಎತ್ತರದ ಸ್ಟೂಲಿನ ಮೇಲೆ ಎಡಗಾಲು ಮುಂದಕ್ಕೆ ಚಾಚಿ ಕೂತಿದ್ದ. ನನ್ನನ್ನು ಕಂಡು ಗಾಣ ನಿಲ್ಲಿಸಿದ.

"ಏನ್ಲಾ, ಸ್ಕೂಲಿಲ್ವಾ?"

ನಿಂತಲ್ಲೇ ಎಲ್ಲ ಹೇಳಿದೆ. ನಲ್ಲಿಯ ಹತ್ತಿರದ ಮಾತು, ರೈಲು, ಬೇಕೆಂದೇ ಹೇಳದಿದ್ದದ್ದು. ಅವನು ಕೈಯಲ್ಲಿದ್ದ ಕಬ್ಬನ್ನು ಕೆಳಗಿಟ್ಟ.

"ಆವಯ್ಯ ನಂಗೂ ಯೋಳಿದ್ದ ಕಣ್ಲಾ," ಅಂದ. "ನೀನು ಬ್ಯಾಗ್ ತರಾಕೆ ಓಗಿದ್ದಾಗ. ಆರಿದ ತಕ್ಸಣ ಅವನ ಕೈಯಿಂದ ನಿನ್ ಕೈ ಕಿತ್ಕೋ, ಜೊತೆಯವನಿಗೂ ಯೋಳು ಅಂದ. ಒಬ್ನೇಯ ತಕ್ಕೋದು ಅಂದಿದ್ರಲ್ಲ. ನಾನೂ ನಿಂಗೆ ಯೋಳ್ನಿಲ್ಲ."

"ಮತ್ತೆ ಕಿತ್ಕೋಬೇಕಿತ್ತು ತಾನೇ ನೀನು?"

"ನೀನ್ಯಾಕ್ಲಾ ಬುಡ್ನಿಲ್ಲ?"

ಕೊಪ್ಪರಿಗೆಯ ಕಡೆಯಿಂದ ಯಾರೋ ಗಾಣ ಯಾಕೆ ನಿಂತಿತೆಂದು ಕೂಗಿದರು. ಅವನು ಸ್ವಿಚ್ ಹಾಕಿ ಕಬ್ಬು ಎತ್ತಿಕೊಂಡ.

ಬಸ್ಸಿನಲ್ಲಿ ಕೂತಾಗ ಮನಸ್ಸು ಹಗುರವಾಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ಈ ಪಾಪವನ್ನು ನಾನೊಬ್ಬನೇ ಹೊತ್ತಿದ್ದೇನೆಂದು ನನಗೊಂದು ಜಂಬವಿತ್ತು. ಅವನೂ ಹೊತ್ತಿದ್ದ, ಆ ಕಾಲಿನ ಸಮೇತ.