ಯಾರ ಪಾಸ್‌ವರ್ಡೂ ಬೇಡವೆಂದ ಗುರುವಾರ

ನನ್ನ ಕೀಲಿಗೊಂಚಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆದದ್ದು ಒಂದು ಪೆನ್‌ಡ್ರೈವ್. ಅದರ ಮುಚ್ಚಳ ಸಿಂದಗಿ ಬಸ್ ನಿಲ್ದಾಣದಲ್ಲಿ ಎಲ್ಲೋ ಬಿದ್ದುಹೋಯಿತು. ಆಮೇಲೆ ಆಯಿ, ಅಂದರೆ ನನ್ನ ತಾಯಿ, ಹಳೆಯ ಖಣದ ಕುಪ್ಪಸದ ತುಂಡಿನಲ್ಲಿ ಅದಕ್ಕೊಂದು ಪುಟ್ಟ ಚೀಲ ಹೊಲಿದುಕೊಟ್ಟಳು. ಒಳಗೇನಿದೆ ಎಂದು ಅವಳು ಕೇಳಲಿಲ್ಲ. ನಮ್ಮದು ನಮ್ಮ ಹತ್ತಿರ ಇದ್ದರೆ ಸಾಕು ಎಂಬುದು ಅವಳ ಲೆಕ್ಕ.

ಆ ವರ್ಷಗಳಲ್ಲಿ ನಾನು ಊರೂರು ತಿರುಗಿ ಶಿಕ್ಷಕರಿಗೆ, ಗುಮಾಸ್ತರಿಗೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದನ್ನು ಕಲಿಸುತ್ತಿದ್ದೆ. ಸೋಮವಾರ ಇಂಡಿ, ಮಂಗಳವಾರ ಸಿಂದಗಿ, ಗುರುವಾರ ಮುದ್ದೇಬಿಹಾಳ, ಶನಿವಾರ ನಮ್ಮದೇ ಊರು ಬಸವನ ಬಾಗೇವಾಡಿ. ನಾಲ್ಕೂ ಕಡೆಯ ಯಂತ್ರಗಳಿಗೆ ಒಂದೇ ರೋಗ. ಹೊಸದಾಗಿ ಏನು ಹಾಕಹೋದರೂ ಪಾಸ್‌ವರ್ಡ್ ಕೇಳುತ್ತಿದ್ದವು. ಅದು ಗೊತ್ತಿದ್ದ ಮಹಾಶಯರು ಯಾವಾಗ ಕೇಳಿದರೂ ವಿಜಯಪುರಕ್ಕೆ ಹೋಗಿರುತ್ತಿದ್ದರು.

ಹಾಗಾಗಿ ಕನ್ನಡ ಬರೆಯುವ ತಂತ್ರಾಂಶಕ್ಕೆ ನಾನು ಪೋರ್ಟಬಲ್ ದಾರಿ ಹಿಡಿದೆ. ಇನ್‌ಸ್ಟಾಲ್ ಮಾಡಿದ ತಂತ್ರಾಂಶ ಆ ಯಂತ್ರದ್ದೇ ಆಗಿಬಿಡುತ್ತದೆ. ಮೂಲೆಮೂಲೆಯಲ್ಲಿ ತನ್ನ ಕಡತಗಳನ್ನು ಇಟ್ಟುಕೊಂಡು ಅಲ್ಲೇ ಬೇರು ಬಿಡುತ್ತದೆ. ಪೋರ್ಟಬಲ್ ಹಾಗಲ್ಲ. ಇಡೀ ಸಂಸಾರ ಪೆನ್‌ಡ್ರೈವಿನಲ್ಲೇ ಇರುತ್ತದೆ. ಚುಚ್ಚಿದರೆ ಓಡುತ್ತದೆ, ಕಿತ್ತರೆ ಬಂದ ಗುರುತೂ ಉಳಿಯುವುದಿಲ್ಲ. ಶುರುವಾಗಲು ತುಸು ತಡ, ಅಷ್ಟೇ. ಯಾರ ಅಪ್ಪಣೆಯೂ ಬೇಕಿಲ್ಲವೆಂದು ನನಗೆ ಭಾರಿ ಜಂಬವಿತ್ತು, ಅದನ್ನು ಮುಚ್ಚಿಡುವ ಗೋಜಿಗೂ ನಾನು ಹೋಗುತ್ತಿರಲಿಲ್ಲ.

ಈ ಜಂಬ ಎಲ್ಲಿಂದ ಬಂತೆಂದು ಈಗ ಗೊತ್ತಾಗುತ್ತದೆ. ಆಯಿ ಹೊರ್ತಿಯಲ್ಲಿದ್ದ ಅಪ್ಪನ ಗೆಳೆಯರ ಮನೆಗೆ ಹೋಗುವಾಗಲೂ ತನ್ನ ತಂಬಿಗೆ, ತನ್ನ ನೀರು, ಅವಲಕ್ಕಿಯ ಡಬ್ಬಿ ಎಲ್ಲ ಕಟ್ಟಿಕೊಂಡೇ ಹೊರಡುತ್ತಿದ್ದಳು. ಅವರ ಮನೆಯಲ್ಲಿ ದಿನವಿಡೀ ನಗುನಗುತ್ತ ಕೂತಿದ್ದು, ಅವರ ಒಂದು ಲೋಟವನ್ನೂ ಮುಟ್ಟದೆ ಎದ್ದು ಬರುತ್ತಿದ್ದಳು. ಇಂಥ ಮಡಿಯನ್ನು ಚಿಕ್ಕಂದಿನಲ್ಲಿ ನಾನು ಗೇಲಿ ಮಾಡುತ್ತಿದ್ದೆ. ದೊಡ್ಡವಳಾಗಿ ಅದನ್ನೇ ಕೀಲಿಗೊಂಚಲಿಗೆ ಸಿಕ್ಕಿಸಿಕೊಂಡು ತಿರುಗಿದೆ.

ಮುದ್ದೇಬಿಹಾಳದ ಕೇಂದ್ರವನ್ನು ನೋಡಿಕೊಳ್ಳುತ್ತಿದ್ದವರು ತಂಗಡಗಿಯ ಒಕ್ಕಲುತನದ ಮನೆಯಿಂದ ಬಂದ ಒಬ್ಬ ತರುಣ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವರು. ಮಾತು ಕಡಿಮೆ, ಆಡಿದರೆ ನೇರ. ಗುರುವಾರದ ತರಗತಿಯ ಸೂಚನೆಯನ್ನು ಬುಧವಾರವೇ ಬಾಗಿಲಿಗೆ ಅಂಟಿಸುವುದು ಅವರ ಕೆಲಸವಾಗಿತ್ತು. ಆ ಸೂಚನೆಯನ್ನು ನಾನೇ ಸಿದ್ಧಮಾಡಿ ಅವರ ಯಂತ್ರದಲ್ಲಿ ಇಟ್ಟಿದ್ದೆ, ತಾರೀಖು ಬದಲಿಸಿದರೆ ಮುಗಿಯಿತು. ಆದರೆ ನನ್ನ ಕನ್ನಡ ಅಕ್ಷರಶೈಲಿ, ಅಂದರೆ ಫಾಂಟ್, ಇದ್ದದ್ದು ಪೆನ್‌ಡ್ರೈವಿನಲ್ಲಿ. ನಾನಿಲ್ಲದ ದಿನ ಅವರು ಆ ಕಡತ ತೆರೆದರೆ ಕನ್ನಡದ ಬದಲು ಇಂಗ್ಲಿಷಿನ ಚೂರುಪಾರು, ಡಾಲರ್ ಗುರುತು, ತಲೆಬುಡವಿಲ್ಲದ ಗೆರೆಗಳು. ಕೊನೆಗೆ ಪ್ರತಿ ಬುಧವಾರವೂ ನೀಲಿ ಶಾಯಿಯಲ್ಲಿ ಕೈಯಿಂದಲೇ ಬರೆದು ಅಂಟಿಸುತ್ತಿದ್ದರು. ಅವರ ಅಕ್ಷರ ಬಹಳ ದುಂಡಗಿತ್ತು. ಅದನ್ನು ಓದಲೆಂದೇ ನಾನು ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದೆ.

“ನೀವು ಹೋದ ಮ್ಯಾಲ ಅಕ್ಷರ ಎಲ್ಲಾ ಕಲಸಿ ಹೋಗ್ತಾವ್ರಿ ಮೇಡಂ,” ಎಂದರು ಒಮ್ಮೆ. “ವಾರಾ ವಾರಾ ಹೊತಗೊಂಡು ತಿರಗೂದು ಯಾಕ? ಇಲ್ಲೇ ಹಾಕಿ ಬಿಡ್ರಲ್ಲ.”

“ಪಾಸ್‌ವರ್ಡ್ ಎಲ್ಲೈತ್ರಿ?” ಎಂದು ನಾನು ನಕ್ಕೆ.

ಮಧ್ಯಾಹ್ನ ಅವರು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಡಬ್ಬಿಯನ್ನು ನನ್ನ ಕಡೆ ಸರಿಸುತ್ತಿದ್ದರು. ನಾನು ನನ್ನ ಡಬ್ಬಿ ತೆಗೆಯುತ್ತಿದ್ದೆ. ಒಂದು ವಾರವೂ ಅವರು ಸರಿಸುವುದನ್ನು ಬಿಡಲಿಲ್ಲ, ಒಂದು ವಾರವೂ ನಾನು ಕೈಹಾಕಲಿಲ್ಲ. ಆದರೆ ಬುಧವಾರ ಸಂಜೆಯಿಂದಲೇ ನನಗೆ ಮರುದಿನ ಯಾವ ಸೀರೆ ಉಡಲಿ ಎಂಬ ಯೋಚನೆ. ಬೆಳಿಗ್ಗೆ ಬಸ್ಸು ಹೂವಿನ ಹಿಪ್ಪರಗಿಯಲ್ಲಿ ಜನ ಹತ್ತಿಸಿಕೊಳ್ಳಲು ನಿಂತರೆ ಚಾಲಕನ ಮೇಲೆ ಸಿಟ್ಟು ಬರುತ್ತಿತ್ತು. ನನಗೆ ಅವರು ಬೇಕಾಗಿದ್ದರು. ಇಷ್ಟು ಸರಳವಾದ ಮಾತನ್ನು ಆಗ ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಒಂದು ಗುರುವಾರ ತರಗತಿ ಮುಗಿದು ಎಲ್ಲರೂ ಹೋದ ಮೇಲೆ ಅವರು ಜೇಬಿನಿಂದ ಚೀಟಿಯೊಂದನ್ನು ತೆಗೆದು ಕೀಬೋರ್ಡಿನ ಮೇಲಿಟ್ಟರು. ಅದೇ ನೀಲಿ ಶಾಯಿ, ಅದೇ ದುಂಡು ಅಕ್ಷರ. ರಜೆ ಹಾಕಿ ತಾವೇ ವಿಜಯಪುರಕ್ಕೆ ಹೋಗಿ, ಸಂಜೆಯತನಕ ಕಾದು ಪಾಸ್‌ವರ್ಡ್ ಬರೆಸಿಕೊಂಡು ಬಂದಿದ್ದರು.

“ಈಗರೆ ಹಾಕ್ರಿ,” ಎಂದರು. ನಾನು ಚೀಟಿ ಮುಟ್ಟಲಿಲ್ಲ. “ಇಲ್ಲಿ ಖಾಯಂ ಒಬ್ಬರು ಬೇಕಾಗ್ಯಾರ. ನಿಮ್ಮ ಹೆಸರು ಹೇಳಿ ಬಂದೇನಿ. ನಾಕ ಊರು ತಿರಗೂದು ಸಾಕ್ರಿ. ಇಲ್ಲೇ ಇರ್ರಿ.” ಚೀಟಿಯನ್ನು ನನ್ನ ಕಡೆ ಇನ್ನಷ್ಟು ಸರಿಸಿ, “ಬರೇ ನೌಕರಿ ಸಲುವಾಗಿ ಹೇಳಾಕತ್ತಿಲ್ರಿ. ನಮ್ಮ ಮನ್ಯಾಗ ಮಾತಾಡೇನಿ. ನಿಮ್ಮ ಮನ್ಯಾಗ ನೀವು ಮಾತಾಡ್ರಿ,” ಎಂದರು.

ಆಯಿಯ ತಂಬಿಗೆ ಕಣ್ಣ ಮುಂದೆ ಬಂತು. ಮನೆಯಲ್ಲಿ ಈ ಮಾತು ಎತ್ತುವುದು ಹೇಗೆ ಎಂಬ ಭಯ ಬಂತು. ಭಯವಾಗುತ್ತದೆ ಎಂದು ಅವರಿಗೇ ಹೇಳಿದ್ದರೆ ಕಾಯುತ್ತಿದ್ದರು, ಅಂಥ ಮನುಷ್ಯ. ಆದರೆ ಹೆದರಿದಾಗ ನನ್ನ ನಾಲಿಗೆ ಚುರುಕಾಗುತ್ತದೆ.

“ನನಗ ಯಾರ ಪಾಸ್‌ವರ್ಡೂ ಬ್ಯಾಡ್ರಿ,” ಎಂದುಬಿಟ್ಟೆ.

ಅವರು ಚೀಟಿಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು. “ಆತ್ರಿ,” ಎಂದರಷ್ಟೇ. ನಾನು ಪೆನ್‌ಡ್ರೈವ್ ಕಿತ್ತು ಖಣದ ಚೀಲಕ್ಕೆ ಹಾಕಿ ಬಸ್ ಹತ್ತಿದೆ. ಮುಂದಿನ ವಾರದಿಂದಲೇ ಮುದ್ದೇಬಿಹಾಳ ಬಿಟ್ಟು ಗುರುವಾರಕ್ಕೂ ಇಂಡಿಯನ್ನೇ ಕೇಳಿ ಪಡೆದೆ. ಪ್ರಯಾಣ ದೂರವಾಗುತ್ತದೆಂದು ಆಯಿ ಗೊಣಗಿದಳು. ಅವಳಿಗೆ ಕಾರಣ ಹೇಳಲಿಲ್ಲ.

ಹತ್ತು ವರ್ಷಗಳು ಕಳೆದಿವೆ. ನಾನು ಮದುವೆಯಾಗಲಿಲ್ಲ. ಯಾರನ್ನೋ ಕಾಯುತ್ತ ಕೂತೆನೆಂದಲ್ಲ, ಬಂದ ಒಂದು ಸಂಬಂಧವೂ ಗುರುವಾರದ ಬಸ್ಸಿನಷ್ಟು ಅವಸರ ಹುಟ್ಟಿಸಲಿಲ್ಲ. ಮೊನ್ನೆ ಆಯಿಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬರುವಾಗ ಬಸ್ಸಿನಲ್ಲಿ ನೋಡುತ್ತೇನೆ, ಅವಳು ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಣ್ಣುಮಗಳ ಬಾಟಲಿಯಿಂದ ಗಟಗಟ ನೀರು ಕುಡಿಯುತ್ತಿದ್ದಾಳೆ. ನಾನು ಬಾಯಿ ಬಿಟ್ಟು ನೋಡಿದೆ. “ಬಾಯಾರಿತ್ತವಾ, ಕುಡದೆ,” ಎಂದಳು, ಅದೇನು ದೊಡ್ಡ ವಿಷಯ ಎಂಬಂತೆ. ನನಗೆ ನಗು ಬಂತು. ಊರು ತಲುಪುವಷ್ಟರಲ್ಲಿ ಅಳು ಬಂತು, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೆ.

ಅದೇ ವಾರ ಮುದ್ದೇಬಿಹಾಳದ ಕೇಂದ್ರದಿಂದ ಕರೆ ಬಂತು. ಅಲ್ಲಿ ಕಲಿಸುವವರು ರಜೆಯಲ್ಲಿದ್ದರು, ಒಂದು ಗುರುವಾರದ ಮಟ್ಟಿಗೆ ಬರಬೇಕಂತೆ. ಹೋದೆ. ಬಾಗಿಲಲ್ಲಿ ಸೂಚನೆ ಇರಲಿಲ್ಲ, ಈಗ ಅದೆಲ್ಲ ಮೊಬೈಲಿನಲ್ಲೇ ಹೋಗುತ್ತದೆ. ಕೇಂದ್ರ ನೋಡಿಕೊಳ್ಳುವ ಹುಡುಗಿ ನನ್ನನ್ನು ಅದೇ ಹಳೆಯ ಯಂತ್ರದ ಮುಂದೆ ಕೂರಿಸಿದಳು. ನನ್ನ ಕೈ ತಾನಾಗಿ ಕೀಲಿಗೊಂಚಲಿಗೆ ಹೋಯಿತು.

“ಪೆನ್‌ಡ್ರೈವ್ ಬೇಕಿಲ್ರಿ ಮೇಡಂ,” ಎಂದಳು ಅವಳು. “ಕನ್ನಡ ಈ ಕಂಪ್ಯೂಟರಿನ್ಯಾಗ ಐತಿ. ಹಿಂದಿನ ಸರ್ ಸಿಡಿ ತಂದು ಹಾಕಿಟ್ಟು ಹೋಗ್ಯಾರ.”

“ಅವರು ಈಗ ಎಲ್ಲದಾರ?”

“ತಂಗಡಗ್ಯಾಗ್ರಿ, ಒಕ್ಕಲುತನ ಮಾಡ್ಕೊಂಡು. ಇಬ್ಬರು ಮಕ್ಕಳು. ಆರಾಮ್ ಅದಾರ.”

ಅವಳು ಹಾಜರಿ ಪುಸ್ತಕ ತರಲು ಒಳಗೆ ಹೋದಳು. ಪರದೆಯ ಮೇಲೆ ನಾನು ಬಳಸುತ್ತಿದ್ದ ಅದೇ ತಂತ್ರಾಂಶ ಇತ್ತು, ಇನ್‌ಸ್ಟಾಲ್ ಆದದ್ದು. ಒತ್ತಿದ ಕೂಡಲೇ ತೆರೆದುಕೊಂಡಿತು, ಪೆನ್‌ಡ್ರೈವಿನಿಂದ ಎಂದೂ ಅಷ್ಟು ಬೇಗ ತೆರೆದದ್ದಿಲ್ಲ. ಹಳೆಯ ಕಡತಗಳ ಸಾಲಿನ ಕೊನೆಯಲ್ಲಿ ನಾನು ಮಾಡಿಟ್ಟ ಸೂಚನೆಯೂ ಇತ್ತು. ತೆರೆದೆ.

“ಈ ಗುರುವಾರ ಹನ್ನೊಂದು ಗಂಟೆಗೆ ತರಗತಿ ಇರುತ್ತದೆ. ಮೇಡಂ ಬರುತ್ತಾರೆ. ಎಲ್ಲರೂ ತಪ್ಪದೆ ಬರಬೇಕು.”

ಮೇಲಿದ್ದ ತಾರೀಖನ್ನು ಎರಡು ಸಲ ಓದಿದೆ. ಅವರು ಬದಲಿಸಿಟ್ಟ ಆ ತಾರೀಖು, ನಾನು ಚೀಟಿ ಬೇಡವೆಂದು ಹೋದ ಮೇಲಿನ ಗುರುವಾರದ್ದು. ನಾನು ಬಾರದ ಮೊದಲ ಗುರುವಾರ.

ಪೆನ್‌ಡ್ರೈವ್ ಖಣದ ಚೀಲದೊಳಗೇ ಇತ್ತು, ಚೀಲ ನನ್ನ ಮುಷ್ಟಿಯಲ್ಲಿತ್ತು. ಪರದೆಯ ಮೇಲೆ ಒಂದು ಅಕ್ಷರವೂ ಕಲಸಿರಲಿಲ್ಲ.