ಅವ್ವನ ಗಾಳಿ

ಬೆಳಿಗ್ಗೆ ಒಗ್ಗರಣೆಗೆ ಸಾಸಿವೆ ಹಾಕಿ ನಿಂತಿದ್ದೆ. ಕಿಟಕಿಯಿಂದ ಹಸಿ ಮರ ಕೊಯ್ದ ವಾಸನೆ ಬಂತು, ಅದರ ಹಿಂದೆಯೇ ಪವರ್ ಗರಗಸದ ಅರಚಾಟ. ನಿನ್ನೆ ಸಂಜೆ ಜಗಳೂರಿನಲ್ಲಿ ಎದ್ದ ಗಾಳಿಗೆ ನಮ್ಮ ಬಡಾವಣೆಯ ಮೂಲೆಮನೆಯವರ ಕಾರಿನ ಮೇಲೆ ಕೊಂಬೆಯೊಂದು ಬಿದ್ದಿತ್ತು. ಕಾರಿಗೆ ಪೆಟ್ಟಾದದ್ದು ನಿನ್ನೆ, ಬಡಾವಣೆಯ ವಾಟ್ಸಾಪ್ ಗುಂಪಿಗೆ ಜ್ವರ ಬಂದದ್ದು ಇವತ್ತು. ಯಾರ ಮರ ಯಾರ ಮನೆ ಕಡೆ ವಾಲಿದೆ, ಯಾರು ಕಡಿಸಬೇಕು ಎಂದು ಒಬ್ಬರ ಮೇಲೊಬ್ಬರು ಬರೆಯುತ್ತಿದ್ದರು. ನಾನಾದರೂ ಯಾಕೆ ಸುಮ್ಮನಿರಲಿ? 'ಪಕ್ಕದ ಮನೆಯ ಗುಲ್‌ಮೊಹರ್ ಮರ ನಮ್ಮ ಮನೆಯ ಮೇಲೆ ವಾಲಿರುತ್ತದೆ, ಕೂಡಲೇ ತೆಗೆಸತಕ್ಕದ್ದು' ಎಂದು ಬರೆದೆ. 'ತೆಗೆಸತಕ್ಕದ್ದು' ಎಂಬ ಮಾತು ನನ್ನ ಬಾಯಲ್ಲಿ ಜನ್ಮದಲ್ಲಿ ಬಂದದ್ದಲ್ಲ. ಮೊಬೈಲ್ ಕೈಗೆ ಬಂದರೆ ಮಾತ್ರ ನನ್ನೊಳಗೊಬ್ಬರು ತಹಶೀಲ್ದಾರರು ಎದ್ದು ಕೂರುತ್ತಾರೆ. ಕಳಿಸಬೇಕು ಅನ್ನುವಷ್ಟರಲ್ಲಿ ಸಾಸಿವೆ ಸೀದುಹೋಯಿತು. ಒಲೆ ಆರಿಸಿದೆ. ಆ ಹಸಿ ವಾಸನೆ ಮಾತ್ರ ಅಡುಗೆಮನೆ ಬಿಟ್ಟು ಹೋಗಲಿಲ್ಲ.

ಅದೇ ವಾಸನೆಯನ್ನು ಹಿಂದೊಮ್ಮೆ ಚನ್ನಗಿರಿಯಲ್ಲಿ, ನನ್ನ ತವರುಮನೆಯಲ್ಲಿ, ದಿನವಿಡೀ ಕುಡಿದಿದ್ದೆ. ನಾನಾಗ ಕಾಲೇಜು ಓದುತ್ತಿದ್ದೆ. ಊರಂಚಿನ ಬಡಾವಣೆ ನಮ್ಮದು. ಅದಕ್ಕಿನ್ನೂ ಯಾರ ಹೆಸರೂ ಇಡದಿದ್ದರಿಂದ ಎಲ್ಲರೂ 'ಹೊಸ ಸೈಟು' ಅಂತಲೇ ಕರೆಯುತ್ತಿದ್ದರು. ನಮ್ಮ ಮನೆಯ ಮುಂಭಾಗಕ್ಕೆ ತಾರಸಿ, ಹಿಂದಿನ ಪಡಸಾಲೆಗೆ ಶೀಟು. ಹಿತ್ತಿಲಲ್ಲಿ, ಕಾಂಪೌಂಡ್ ಗೋಡೆಗೆ ಆತುಕೊಂಡು ಒಂದು ಗುಲ್‌ಮೊಹರ್ ಮರ. ಅದರ ಒಂದು ದೊಡ್ಡ ಕೊಂಬೆ ನೆಟ್ಟಗೆ ನಮ್ಮ ಹಿತ್ತಿಲ ಮೇಲೆ ಹೋಗಿತ್ತು. ಇನ್ನೊಂದು ಗೋಡೆ ದಾಟಿ ಪಕ್ಕದ ಮಮ್ತಾಜಕ್ಕನ ಮನೆಯ ಮೇಲೆ ಮಲಗಿದ ಹಾಗೆ ಚಾಚಿಕೊಂಡಿತ್ತು. ಅವರದು ಪೂರಾ ಶೀಟಿನ ಮನೆ. ಮಮ್ತಾಜಕ್ಕ ಆ ಕೊಂಬೆಯ ನೆರಳಿನಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಓಣಿಯವರ ರವಿಕೆ ಹೊಲಿಯುತ್ತಿದ್ದರು. ಅವರ ಗಂಡ ಗಾದಿ ಹೊಲಿಯುವವರು. ನಲ್ಲೂರು, ತ್ಯಾವಣಿಗೆ ಅಂತ ತಿರುಗುತ್ತ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ.

ನಮ್ಮವ್ವ ಉಬ್ರಾಣಿಯ ತುಂಬಿದ ಮನೆಯಲ್ಲಿ ಬೆಳೆದವಳು. ಅಲ್ಲಿ ಯಾರ ಮನೆಗೆ ಹೋಗಲೂ ಕಾರಣ ಬೇಕಿರಲಿಲ್ಲ. ಹೊಸ ಸೈಟಿನಲ್ಲಿ ಹಾಗಲ್ಲವಲ್ಲ, ಎಲ್ಲರ ಗೇಟಿಗೂ ಚಿಲಕ. ಸುಮ್ಮನೆ ಹೋದರೆ 'ಏನ್ ಬೇಕಾಗಿತ್ತು' ಎಂದು ಕೇಳುತ್ತಾರೆ, ಏನೂ ಬೇಡ ಅಂದರೆ ಅನುಮಾನ ಪಡುತ್ತಾರೆ. ಅವ್ವ ಬಂದ ಹೊಸದರಲ್ಲಿ ಗೋಡೆಯ ಜೊತೆ ಮಾತಾಡುವುದೊಂದು ಬಾಕಿ ಇತ್ತು.

ಅವಳನ್ನು ಕಾಪಾಡಿದ್ದು ಆ ಮರ. ಬೇಸಿಗೆ ಮಳೆಯ ಗಾಳಿ ಎದ್ದ ತಕ್ಷಣ, ಆ ಕೊಂಬೆ ಮಮ್ತಾಜಕ್ಕನ ಶೀಟಿನ ಮೇಲೆ ಬಿದ್ದೀತೆಂದು ಅವ್ವ ಗೋಡೆಯ ಹತ್ತಿರ ಓಡುತ್ತಿದ್ದಳು. "ಮಮ್ತಾಜೂ, ಗಾಳಿ ಎದ್ದೈತೆ, ಬಾರೇ ಈ ಕಡೆ!" ಮಮ್ತಾಜಕ್ಕ ಮಿಷನ್ನಿಗೆ ಗೋಣಿತಾಟು ಹೊದಿಸಿ, ಅರ್ಧ ಹೊಲಿದ ರವಿಕೆ ಕೈಯಲ್ಲಿ ಹಿಡಿದು ನಮ್ಮ ಹಿಂದಿನ ಪಡಸಾಲೆಗೆ ಬರುತ್ತಿದ್ದರು. ಅವ್ವ ಮಂಡಕ್ಕಿ ಒಗ್ಗರಣೆ ಕಲಸುವಳು. ಆಮೇಲೆ ಇಬ್ಬರ ಮಾತು. ಗಾಳಿ ನಿಂತು, ಮಳೆ ಬಂದು, ಮಳೆಯೂ ಹೋಗಿ, ಅಂಗಳ ಆರಿದರೂ ಮಾತು ಮುಗಿಯುತ್ತಿರಲಿಲ್ಲ. ತಾರಸಿಯ ಕೋಣೆಯಲ್ಲಿ ಕೂತರೆ ಇನ್ನೂ ಕ್ಷೇಮವಲ್ಲವೇ ಎಂದು ನೀವು ಕೇಳಬಹುದು. ಅಲ್ಲಿ ಅಪ್ಪ ಪೇಪರ್ ಓದುತ್ತಿದ್ದರು. ಕೆಲವು ಮಾತುಗಳಿಗೆ ಅಪ್ಪನಿಗಿಂತ ಶೀಟೇ ವಾಸಿ.

ಬರುಬರುತ್ತ ಅವ್ವನಿಗೆ ಗಾಳಿ ಸಿಕ್ಕಾಪಟ್ಟೆ ಕಾಣತೊಡಗಿತು. ತಂತಿಯ ಮೇಲಿನ ಲಂಗ ಅಲುಗಿದರೂ ಗಾಳಿ, ಬೆಕ್ಕು ನೆಗೆದು ಎಲೆ ಅಲ್ಲಾಡಿದರೂ ಗಾಳಿ. "ಇದು ಮಳೆ ಗಾಳಿನೋ, ನಿಮ್ಮವ್ವನ ಗಾಳಿನೋ?" ಎಂದು ಅಪ್ಪ ಪೇಪರಿನಿಂದ ತಲೆ ಎತ್ತದೆ ನನ್ನನ್ನು ಕೇಳುತ್ತಿದ್ದರು. ಒಮ್ಮೆಯಂತೂ ಚಳಿಗಾಲದ ಒಂದು ಮಧ್ಯಾಹ್ನ, ಮರ ಫೋಟೋಕ್ಕೆ ನಿಂತಂತೆ ನಿಂತಿದ್ದಾಗ, ಅವ್ವ ಕೂಗಿಬಿಟ್ಟಳು. ಮಮ್ತಾಜಕ್ಕ ತಲೆ ಎತ್ತಿ ಮರವನ್ನು ನಿಧಾನಕ್ಕೆ ನೋಡಿದರು. "ಹೌದ್ರೀ ಅಕ್ಕಾ, ಭಾಳ ಗಾಳಿ" ಎಂದು ಮಿಷನ್ ಮುಚ್ಚಿ ಎದ್ದು ಬಂದರು. ಆವತ್ತಿನಿಂದ ನನಗೆ ಅವರೆಂದರೆ ಬಹಳ ಪ್ರೀತಿ.

ಇಂಥವರು ಜಗಳವಾಡಿದರು ಎಂದರೆ ನಂಬುತ್ತೀರಾ? ಮಮ್ತಾಜಕ್ಕನ ಮಗಳು ಹೆರಿಗೆಗೆ ತವರಿಗೆ ಬರುವವಳಿದ್ದಳು. ಒಂದು ದಿನ ಗೋಡೆಯಾಚೆಯಿಂದ ಮಮ್ತಾಜಕ್ಕ ಹಿಂಜರಿಯುತ್ತ ಹೇಳಿದರು, "ಅಕ್ಕಾ, ಮಳೆಗಾಲದಾಗೆ ಮನೇಲಿ ಬಾಣಂತಿ, ಕೂಸು ಇರ್ತಾವೆ. ಗಾಳಿ ಬಂದಾಗೆಲ್ಲ ಎತ್ಕೊಂಡು ಓಡಿ ಬರಾಕೆ ಆಗಲ್ಲ. ಮರ ಕಡಿಸ್ತೀರೇನ್ರಿ?" ನ್ಯಾಯವಾದ ಮಾತೇ. ಅವ್ವ ಮಾತ್ರ ಮುಖ ಊದಿಸಿಕೊಂಡು "ನೋಡಣ" ಎಂದು ಒಳಗೆ ಬಂದಳು. "ನಮ್ಮನೆಗೆ ಬರಾಕೆ ಬ್ಯಾಸರ ಆಗೈತೆ ಅವಳಿಗೆ. ಅದಕ್ಕೇ ಮರ ಬ್ಯಾಡ" ಎಂದು ನನ್ನ ಮುಂದೆ ಕಣ್ಣೊರೆಸಿಕೊಂಡಳು. ಅತ್ತ ಮಮ್ತಾಜಕ್ಕ ರವಿಕೆಯ ಅಳತೆ ಕೊಡಲು ಹೋದ ನನ್ನ ಹತ್ತಿರ, "ನೋಡಣ ಅಂದ್ಬಿಟ್ರು! ನಮ್ ಜೀವ ಅಂದ್ರೆ ಅಷ್ಟೇ ಆಯ್ತೇನು ನಿಮ್ಮವ್ವಂಗೆ?" ಎಂದು ಟೇಪನ್ನು ನನ್ನ ಸೊಂಟಕ್ಕೆ ಸ್ವಲ್ಪ ಹೆಚ್ಚೇ ಬಿಗಿದರು. ನಾನು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮೆತ್ತಗೆ ಮಾಡಿ ಮುಟ್ಟಿಸಿ ನೋಡಿದೆ. ಇಬ್ಬರೂ ನನಗೇ ಬೈದರು. ಗೋಡೆಯ ಮೇಲಿನ ಮಾತು ನಿಂತುಹೋಯಿತು.

ಆ ಮೇ ತಿಂಗಳ ಒಂದು ಸಂಜೆ ನಿಜವಾದ ಗಾಳಿ ಬಂತು. ಆಕಾಶ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿತು, ಎಲ್ಲಿಯದೋ ತಗಡು ಹಾರಿ ಬಂದು ರಸ್ತೆಯಲ್ಲಿ ಉರುಳಿತು. ಅಪ್ಪ ಇನ್ನೂ ಮನೆಗೆ ಬಂದಿರಲಿಲ್ಲ. ಅವ್ವ ಗೋಡೆಯ ಹತ್ತಿರ ಓಡಿದಳು. ಜಗಳವಾದ ಮೇಲೆ ಮೊದಲ ಸಲ ಕೂಗಿದಳು, "ಮಮ್ತಾಜೂ, ಗಾಳಿ ಎದ್ದೈತೆ, ಬಾರೇ!" ಬಾಗಿಲು ತೆರೆಯಲಿಲ್ಲ. ಮತ್ತೆ ಕೂಗಿದಳು. ಒಳಗೆ ದೀಪವಿತ್ತು, ಮಮ್ತಾಜಕ್ಕ ಒಬ್ಬರೇ ಇದ್ದರು. ಆ ಕೊಂಬೆ ಶೀಟಿನ ಮೇಲೆ ಏಳುತ್ತ ಬೀಳುತ್ತ ಇತ್ತು.

ಅವ್ವ ಸೆರಗು ತಲೆಗೆ ಸುತ್ತಿ ಗೇಟು ತೆಗೆದು ಹೊರಟೇಬಿಟ್ಟಳು. ನಾನು ಹಿಂದೆಯೇ ಓಡಿದೆ. ಮಮ್ತಾಜಕ್ಕನ ಬಾಗಿಲು ತಳ್ಳಿ ಒಳಗೆ ಹೋದವಳು ನಡುಮನೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತಳು. ಮಮ್ತಾಜಕ್ಕ ಹೌಹಾರಿದರು.

"ನೀವ್ಯಾಕ್ರೀ ಬಂದ್ರಿ ಇಲ್ಲಿಗೆ? ನಿಮ್ ಮರ ಬೀಳಾಕೆ ಹತ್ತೈತೆ!"

"ಬೀಳ್ಲಿ. ನಂದೇ ಮರ, ನನ್ ಮ್ಯಾಲೂ ಬೀಳ್ಲಿ. ನೀನು ಬರಾತನಕ ನಾನು ಏಳಲ್ಲ."

"ಬರ್ತೀನಿ, ಏಳ್ರೀ ಮೊದ್ಲು!"

"ಬ್ಯಾಸರ ಮಾಡ್ಕೊಂಡು ಬರಬ್ಯಾಡ. ಬ್ಯಾಸರ ಇಲ್ಲ ಅನ್ನು."

ನೀವೇ ಹೇಳಿ, ಮರ ತಲೆಯ ಮೇಲೆ ನರಳುವಾಗ ಆಡುವ ಮಾತೇ ಇದು? "ನಿಮ್ಮನೆಗೆ ಬರಾಕೆ ನಂಗೆಂಥ ಬ್ಯಾಸರ? ಹಂಗಂದವ್ರ್ಯಾರು?" ಎನ್ನುತ್ತ ಮಮ್ತಾಜಕ್ಕ ಅವ್ವನ ರಟ್ಟೆ ಹಿಡಿದು ಎಳೆದರು. ನಾನು ಇನ್ನೊಂದು ರಟ್ಟೆ ಹಿಡಿದೆ. ಹೊಸ್ತಿಲಿಗೆ ಬಂದಿದ್ದೆವು. ಆಗ ಆ ಸದ್ದು ಬಂತು. ಸೀಳಿದ ಸದ್ದು, ಆಮೇಲೆ ನೆಲ ಅದುರಿದ್ದು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದರೆ ಮೂವರೂ ಇದ್ದೆವು, ತಲೆಯ ಮೇಲಿನ ಶೀಟೂ ಇತ್ತು, ಎಲ್ಲರೂ ಹೆದರುತ್ತಿದ್ದ ಆ ವಾಲಿದ ಕೊಂಬೆಯೂ ಹಾಗೇ ಇತ್ತು. ಬಿದ್ದದ್ದು ಇನ್ನೊಂದು, ನೆಟ್ಟಗಿದ್ದದ್ದು. ನಮ್ಮ ಹಿಂದಿನ ಪಡಸಾಲೆ ಅದರ ಕೆಳಗೆ ಅಪ್ಪಚ್ಚಿಯಾಗಿತ್ತು. ಮಂಡಕ್ಕಿ ಕಲಸುವ ಬುಟ್ಟಿ ಅಂಗಳಕ್ಕೆ ಹಾರಿ ಬಿದ್ದಿತ್ತು.

ಕೂಗಿದ ಕೂಡಲೇ ಮಮ್ತಾಜಕ್ಕ ಬಂದಿದ್ದರೆ ಇಬ್ಬರೂ ಅಲ್ಲೇ ಕೂತಿರುತ್ತಿದ್ದರು. ಮಮ್ತಾಜಕ್ಕ ಅವ್ವನನ್ನು ಅಪ್ಪಿಕೊಂಡು ಬೆನ್ನು ತಿಕ್ಕುತ್ತಿದ್ದರು. ಜೀವದ ಭಯ ಕಳೆದ ಮೇಲೆ ಇಬ್ಬರೂ ಅತ್ತರು, ಅದನ್ನು ನೋಡಿ ನಾನೂ ಅತ್ತೆ. ಉಳಿದ ಕೊಂಬೆಯ ಭಯಕ್ಕೆ ಆ ದಿನದ ಊಟ, ನಿದ್ದೆ ಎಲ್ಲ ನಮಗೆ ಪಕ್ಕದ ಓಣಿಯ ಪರಿಚಯದವರ ತಾರಸಿ ಮನೆಯಲ್ಲಿ, ಮಮ್ತಾಜಕ್ಕನ ಮನೆಯವರ ಜೊತೆ.

ಮರುದಿನ ಗರಗಸದವರು ಬಂದರು. ಗಾಳಿ ಅವರಿಗೆ ಸುಗ್ಗಿ. ಮುಖ್ಯಸ್ಥನ ಫೋನಿಗೆ ಹೊನ್ನಾಳಿಯಿಂದ ಒಂದು, ನ್ಯಾಮತಿಯಿಂದ ಒಂದು ಕರೆ ಬರುತ್ತಲೇ ಇತ್ತು. ಎಲ್ಲರಿಗೂ "ಬಂದೆ, ದಾರೀಲಿದೀನಿ" ಎಂದು ನಮ್ಮ ಹಿತ್ತಿಲಲ್ಲೇ ನಿಂತು ಹೇಳುತ್ತಿದ್ದ. ಅವ್ವ ಅಂಗಳದಲ್ಲಿ ಬಿದ್ದಿದ್ದ ತನ್ನ ಬುಟ್ಟಿ ತರಲು ಕೊಂಬೆಯ ಕೆಳಗೆ ನುಗ್ಗಿದಾಗ ಮಾತ್ರ ಫೋನು ಬಿಟ್ಟು ಅಡ್ಡ ಬಂದ. "ಅಮ್ಮಾ, ಬಿದ್ದಿದ್ದು ಬಿದ್ದಾತು. ಬೀಳ್ದೇ ನೇತಾಡ್ತೈತಲ್ಲ, ಅದಕ್ಕೆ ಹೆದರ್ರಿ. ಕರೆಂಟಿನ ತಂತಿ ಬೇರೆ ಕಡಿದೈತೆ, ಹಿಂದಕ್ಕೆ ಸರೀರಿ." ಬುಡ ನೋಡಿದರೆ ಒಳಗೆಲ್ಲ ಟೊಳ್ಳು, ಗೆದ್ದಲು. "ಪೂರಾ ತೆಗೆದುಬಿಡ್ರಿ, ಕೂಸು ಬರ್ತೈತೆ" ಎಂದು ಅವ್ವನೇ ಹೇಳಿದಳು. ಸಂಜೆಯವರೆಗೆ ಗರಗಸ ಅರಚಿತು. ಮಮ್ತಾಜಕ್ಕನ ಮಿಷನ್ ಮೇಲೆ ಮೊದಲ ಸಲ ಬಿಸಿಲು ಬಿತ್ತು.

ಮರ ಹೋಯಿತು, ಜೊತೆಗೆ ಕೂಗುವ ಕಾರಣವೂ ಹೋಯಿತು. ಮುಂದಿನ ಗಾಳಿ ಎದ್ದಾಗ ಅವ್ವ ಅಭ್ಯಾಸಬಲದಿಂದ ಗೋಡೆಯ ಹತ್ತಿರ ಹೋದಳು. ಬಾಯಿ ತೆರೆದಳು, ಮೇಲೆ ನೋಡಿದಳು, ಮುಚ್ಚಿಕೊಂಡು ವಾಪಸು ಬಂದು ಹೊಸ ಶೀಟಿನ ಕೆಳಗೆ ಸುಮ್ಮನೆ ಕೂತಳು. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ಅಷ್ಟರಲ್ಲಿ ಗೇಟಿನ ಚಿಲಕ ಸದ್ದಾಯಿತು. ಕೂಸನ್ನು ಎದೆಗವಚಿಕೊಂಡು ಮಮ್ತಾಜಕ್ಕ, ಹಿಂದೆ ಬಾಣಂತಿ ಮಗಳು.

"ಗಾಳಿ ಎದ್ದೈತಲ್ರೀ ಅಕ್ಕಾ" ಎಂದರು.

"ಮರನೇ ಇಲ್ವಲ್ಲೇ" ಎಂದಳು ಅವ್ವ.

"ಮರ ಇಲ್ಲಾಂದ್ರೆ ಏನಾತು, ಗಾಳಿ ಐತಲ್ಲ" ಎಂದು ಕೂಸನ್ನು ಅವ್ವನ ಮಡಿಲಿಗೆ ಹಾಕಿದರು.

ಈಗ ಅವ್ವ ಇಲ್ಲ. ಮಮ್ತಾಜಕ್ಕ ಮಗಳ ಊರು ಸೇರಿದ್ದಾರೆ. ನಾನು ಜಗಳೂರಿಗೆ ಬಂದು ಇಷ್ಟು ದಿನವಾದರೂ ಪಕ್ಕದ ಮನೆಯಾಕೆಯ ಹೆಸರು ಗೊತ್ತಿಲ್ಲ, ಅವರ ಮರ ಎಷ್ಟು ವಾಲಿದೆ ಎಂಬುದು ಮಾತ್ರ ಗೊತ್ತು. ಸಂಜೆ ಫೋನು ತೆಗೆದೆ. 'ತೆಗೆಸತಕ್ಕದ್ದು' ಇನ್ನೂ ಅಲ್ಲೇ ಕಾಯುತ್ತಿತ್ತು, ಅಳಿಸಿದೆ. ಮರವನ್ನು ಒಮ್ಮೆ ತಿಳಿದವರಿಗೆ ತೋರಿಸಲೇಬೇಕು, ಟೊಳ್ಳಾಗಿದ್ದರೆ ತೆಗೆಸಲೂಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಹೇಳುವ ಜಾಗ ವಾಟ್ಸಾಪ್ ಅಲ್ಲ.

ಮಂಡಕ್ಕಿ ಒಗ್ಗರಣೆ ಹಾಕಿ, ಬಿಸಿ ಇರುವಾಗಲೇ ಡಬ್ಬಿಗೆ ತುಂಬಿ, ಹೋಗಿ ಅವರ ಬಾಗಿಲು ಬಡಿದೆ. ಆಕೆ ತೆರೆದರು. ಗುಂಪಿನ ಮೆಸೇಜುಗಳನ್ನು ಓದಿದ್ದರೇನೋ, ಮುಖದಲ್ಲಿ ಅಂಜಿಕೆ ಇತ್ತು.

"ನಿಮ್ಮ ಮರ ನಮ್ಮನೆ ಕಡೆ ವಾಲೈತೆ ರೀ" ಎಂದೆ. "ಗಾಳಿ ಎದ್ದೈತೆ. ಒಳಗೆ ಬರ್ಲಾ?"

ಆಕೆ ನನ್ನ ಹೆಗಲಿನಾಚೆ ಮರದ ಕಡೆ ನೋಡಿದರು, ಕೈಯಲ್ಲಿದ್ದ ಡಬ್ಬಿ ನೋಡಿದರು. ಬಾಗಿಲು ಪೂರ್ತಿ ತೆಗೆದು, "ಬರ್ರಿ, ಬರ್ರಿ. ಭಾಳ ಗಾಳಿ" ಎಂದರು.

ಹೊರಗೆ ಒಂದೆಲೆಯೂ ಅಲುಗುತ್ತಿರಲಿಲ್ಲ.